ಹೇಳಬಾರದ ಒಂಬತ್ತು ಸಂಗತಿಗಳು

ಹವಾಲ್ದಾರರಿಗೆ ಇಪ್ಪತ್ತು ದಿನಗಳ ರಜೆ ದೊರೆತಿತ್ತು. ಯಾರೂ ಕರೆಯದಿದ್ದರೂ ಅವರ ಜೊತೆಗೆ ಒಂದು ಸುತ್ತೋಲೆಯೂ ಮನೆಗೆ ದಯಮಾಡಿಸಿತ್ತು. ಸೈನಿಕರು ಸಮವಸ್ತ್ರದ ಚಿತ್ರವನ್ನಾಗಲಿ, ತಾವಿರುವ ಠಾವನ್ನಾಗಲಿ, ಹೋಗಿಬರುವ ದಿನವನ್ನಾಗಲಿ ಮೊಬೈಲಿನಲ್ಲಿ ಲೋಕಕ್ಕೆ ಸಾರಕೂಡದು, ಮನೆಯವರೂ ಎಚ್ಚರದಿಂದಿರಬೇಕು ಎಂಬುದು ಅದರ ತಾತ್ಪರ್ಯ. ಉಳಿದ ಸೈನಿಕರು ಅದನ್ನು ಓದಿ ಮಡಿಸಿಟ್ಟರೆ, ನಮ್ಮ ಹವಾಲ್ದಾರರು ಕಂಠಸ್ಥ ಮಾಡಿದರು. ಕಾರಣವಿಲ್ಲದೆ ಅಲ್ಲ. ಈ ನಿಯಮವನ್ನು ಬೋಧಿಸಲು ತರಬೇತಿ ಶಾಲೆಗೆ ಒಬ್ಬ ಶಿಕ್ಷಕ ಬೇಕಾಗಿದ್ದ. ಆ ಶಾಲೆಯೋ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಗಂಡನೊಡನೆ ಒಟ್ಟು ಹದಿನಾಲ್ಕು ತಿಂಗಳು ಕಳೆದಿದ್ದ ಹೆಂಡತಿಗೆ, ಆ ಹುದ್ದೆ ಸಿಕ್ಕರೆ ಸ್ವರ್ಗಕ್ಕೆ ಮೂರೇ ಗೇಣು.

ಬಂದ ಮರುದಿನವೇ ಗೃಹದಿಗ್ಬಂಧನ ಆರಂಭವಾಯಿತು. ಹೆಂಡತಿ ಹೊಲಿಗೆಯವಳು, ಹೊಲಿದ ಬಟ್ಟೆಯ ಚಿತ್ರಗಳನ್ನು ಸ್ಟೇಟಸ್ಸಿಗೆ ಹಾಕಿಯೇ ಗಿರಾಕಿಗಳನ್ನು ಗಳಿಸಿದವಳು. ಇನ್ನು ಪ್ರತಿಯೊಂದು ಚಿತ್ರವನ್ನೂ ಹವಾಲ್ದಾರರು ಎರಡು ಬೆರಳಿನಿಂದ ಹಿಗ್ಗಿಸಿ, ಹಿನ್ನೆಲೆಯನ್ನು ಪರೀಕ್ಷಿಸಿ, ಅಪ್ಪಣೆ ಕೊಡಬೇಕು.

"ಈ ಫ್ರಾಕಿನ ಹಿಂದೆ ಏನದು?"

"ಕಿಟಕಿ ರೀ."

"ಕಿಟಕಿ ಆಚೆ?"

"ಎದುರುಮನೆಯೋರ ಗೋಡೆ. ಮುಚ್ಚಿಡಿ ಅಂತ ನೀವೇ ಹೋಗಿ ಹೇಳಿ."

ಮನೆಯಲ್ಲೇ ಇದ್ದ ಅತ್ತೆ ತಮ್ಮ ಮುದಿಬೆಕ್ಕಿನ ಚಿತ್ರವನ್ನು ಸಲ್ಲಿಸಿದಾಗ ಪರೀಕ್ಷೆ ಇನ್ನೂ ಸೂಕ್ಷ್ಮವಾಯಿತು.

"ಅತ್ತೆ, ಇದರ ಕಣ್ಣಲ್ಲಿ ನನ್ನ ಟೋಪಿ ಕಾಣ್ತಿದೆ!"

"ಅದು ಟೋಪಿ ಅಲ್ಲ ಅಳಿಯಂದ್ರೇ, ಪೊರೆ. ಡಾಕ್ಟ್ರೂ ಅದನ್ನೇ ಹೇಳಿದ್ರು." ಆಮೇಲೆ ಕನ್ನಡಕ ತೆಗೆದು ಅಂದರು: "ಏನೇನು ಹೇಳಬಾರದು ಅಂತ ಒಂದು ಕಡೆ ಬರೆದುಕೊಟ್ಟುಬಿಡಿ. ಏನು ಅಂತಲೇ ಗೊತ್ತಿಲ್ದೆ ಬಚ್ಚಿಡೋದು ಹೇಗೆ?"

ಪ್ರಶ್ನೆ ನ್ಯಾಯವಾಗಿತ್ತು. ಹವಾಲ್ದಾರರು ಒಂದು ಮಧ್ಯಾಹ್ನವಿಡೀ ಕುಳಿತು ಒಂಬತ್ತು ಕಲಮುಗಳ ಶಾಸನವನ್ನು ರಚಿಸಿದರು. ಬರವಣಿಗೆಯಲ್ಲಿ ಅಸ್ಪಷ್ಟತೆ ಅವರಿಗೆ ಆಗದು (ಅವರ ಮತದಲ್ಲಿ ಅದು ಶತ್ರುವಿಗಿಂತ ಒಂದು ಕೈ ಮೇಲು). ಆದ್ದರಿಂದ 'ಹೊರಡುವ ದಿನವನ್ನು ಹೇಳಕೂಡದು' ಎಂದು ಬರೆದು ಸುಮ್ಮನಾಗದೆ, ಆ ದಿನ ಯಾವುದು, ರೈಲು ಯಾವುದು, ಏಳನೆಯ ಬೋಗಿಯಲ್ಲಿ ಕಿಟಕಿಯ ಪಕ್ಕದ ಸೀಟು, ಇಳಿದ ಮೇಲೆ ಸೇರಬೇಕಾದ ಶಿಬಿರ, ಅಲ್ಲಿನ ದಳದ ಹೆಸರು, ಎಲ್ಲವನ್ನೂ ಸಾಂಗವಾಗಿ ನಮೂದಿಸಿ, ಪ್ರತಿ ಸಾಲಿನ ಕೊನೆಗೆ 'ಹೇಳಕೂಡದು' ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು. ಕೆಳಗೆ ಹುದ್ದೆ ಸಮೇತ ರುಜು ಹಾಕಿ ಫ್ರಿಜ್ಜಿಗೆ ಅಂಟಿಸಿದರು.

"ಎಂಥಾ ಮುತ್ತಿನಂಥ ಅಕ್ಷರ!" ಎಂದು ಅತ್ತೆ ಕರಗಿಹೋದರು. ಚಿತ್ರ ತೆಗೆದು, ನಿಯಮದಂತೆ ಮೊಬೈಲನ್ನು ಅಳಿಯನ ಮುಂದೆ ಹಿಡಿದರು. "ನಮ್ಮ ವಾಕಿಂಗ್ ಗುಂಪಿಗೆ ಹಾಕಲಾ? ಅಲ್ಲೂ ಇಬ್ಬರ ಮಕ್ಕಳು ಸೈನ್ಯದಲ್ಲಿದ್ದಾರೆ, ಕಲೀಲಿ."

ಹವಾಲ್ದಾರರು ಎರಡು ಬೆರಳಿನಿಂದ ಹಿಗ್ಗಿಸಿ ಹಿನ್ನೆಲೆಯನ್ನು ಮೂಲೆಮೂಲೆಯೂ ಶೋಧಿಸಿದರು. ಕಿಟಕಿಯಿಲ್ಲ, ಟೋಪಿಯಿಲ್ಲ, ಬೆಕ್ಕಿಲ್ಲ, ಬರಿಯ ಫ್ರಿಜ್ಜು.

"ರೀ, ಒಂದ್ಸಲ ಅದನ್ನ ಓದಿ ನೋಡಿ," ಎಂದಳು ಹೆಂಡತಿ, ಹೊಲಿಗೆಯಂತ್ರ ನಿಲ್ಲಿಸಿ.

"ಬರೆದವನೇ ನಾನು, ಮತ್ತೆ ಓದೋದೇನು? ಹಿನ್ನೆಲೆ ಶುದ್ಧವಾಗಿದೆ. ಹಾಕಿ ಅತ್ತೆ."

ಮರುದಿನ ಬೆಳಿಗ್ಗೆ ಸುಬೇದಾರರ ಫೋನು ಬಂತು. ಹವಾಲ್ದಾರರು ಹೆಗಲ ಮೇಲಿನ ಟವೆಲ್ಲಿನೊಡನೆಯೇ ಸೆಟೆದು ನಿಂತರು.

"ಏಳನೇ ಬೋಗಿ, ಕಿಟಕಿ ಪಕ್ಕ, ಅಲ್ವೇನಯ್ಯಾ?"

"ಹೌದು ಸರ್! ನಿಮಗೆ ಹೇಗೆ ಗೊತ್ತು ಸರ್?"

"ನನ್ನ ಹೆಂಡತಿ ಹೇಳಿದಳು. ಅವಳಿಗೆ ಅವಳ ತಂಗಿ. ತಂಗಿಗೆ ಯಾವುದೋ ವಾಕಿಂಗ್ ಗುಂಪು. ಇರಲಿ, ತರಬೇತಿ ಶಾಲೆಯ ಆಯ್ಕೆ ಮುಗೀತು."

ಹವಾಲ್ದಾರರ ಮುಖ ಅರಳಿತು. "ನಾನಾ ಸರ್?"

"ನೀನಲ್ಲ, ನಿನ್ನ ಚೀಟಿ. ಮೊದಲನೇ ಪಾಠಕ್ಕೆ ಅದನ್ನೇ ತೋರಿಸ್ತಾರಂತೆ. ರಜೆ ಸಾಕು, ನಾಳೆನೇ ಹೊರಟು ಬಾ. ಯಾವ ರೈಲು ಅಂತ ಗೋಡೆಗೂ ಹೇಳಬೇಡ!"

ಹೆಂಡತಿ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತ, "ಹೋಗಲಿ ಬಿಡಿ, ನಿಮ್ಮ ಅಕ್ಷರವಾದ್ರೂ ಅರ್ಧ ಗಂಟೆ ದಾರೀಲಿರುತ್ತೆ," ಎಂದಳು.

ಹವಾಲ್ದಾರರು ಫ್ರಿಜ್ಜಿನ ಬಳಿ ನಿಂತು ಚೀಟಿಯನ್ನು ಉಗುರಿನಿಂದ ಕೀಳುತ್ತಿದ್ದರು. ಆಗ ಅತ್ತೆ ಮೊಬೈಲು ಹಿಡಿದು ವಿನಯದಿಂದ ಎದುರು ನಿಂತರು.

"ಅಳಿಯಂದ್ರೇ, ಅಪ್ಪಣೆ ಇಲ್ದೆ ನಾನೇನೂ ಹಾಕಲ್ಲ. ಹೊರಡೋ ದಿನ ಬದಲಾಯ್ತು ಅಂತ ಗುಂಪಿಗೆ ತಿಳಿಸಲಾ? ಪಾಪ, ಇಪ್ಪತ್ತೆರಡು ಜನ ಸ್ಟೇಷನ್ನಿಗೆ ಬರ್ತೀವಿ ಅಂದಿದ್ದಾರೆ."