ಕಸ್ತೂರೆಮ್ಮನ ನೆಲ್ಲು, ಕರಿಬಸಯ್ಯನ ಕಾರು

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕರಿಬಸಯ್ಯ ಬಾಗಿಲು ತೆಗೆದಾಗ ಮನೆ ಮುಂದಿನ ರಸ್ತೆ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಅದರ ಮೇಲೆ ಭತ್ತ ಹರಡಿತ್ತು.

ಅವನ ಕಂಕುಳಲ್ಲಿ ಮೊಳದುದ್ದದ ಕೆಂಪು ರಿಮೋಟ್ ಕಾರು ಇತ್ತು. ಅದಕ್ಕೆ ಬೇಕಾಗಿದ್ದದ್ದು ರಸ್ತೆ.

ಕರಿಬಸಯ್ಯ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲಾರಿಗಳ ತೂಕ ಬರೆಯುವವನು. ವಯಸ್ಸು ನಲವತ್ನಾಲ್ಕು. ಹತ್ತು ಕೆಜಿ ಹೆಚ್ಚುಕಮ್ಮಿಯಾದರೂ ಹೊರಟ ಲಾರಿಯನ್ನು ವಾಪಸು ಕರೆಸುವ ಮನುಷ್ಯ. ಈ ಕಾರನ್ನು ಆರಿಸಲು ಅವನಿಗೆ ನಲವತ್ತೊಂದು ದಿನ ಹಿಡಿದಿತ್ತು. ಹೆಣ್ಣು ನೋಡಲು ಬಂದಾಗ ತನ್ನನ್ನು ಹತ್ತೇ ನಿಮಿಷದಲ್ಲಿ ಒಪ್ಪಿದ್ದನೆಂದು ಹೆಂಡತಿ ವಿಜಯಶ್ರೀ ಆ ನಲವತ್ತೊಂದು ದಿನವೂ ನೆನಪಿಸಿದ್ದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹದಿಮೂರು ಕಾರುಗಳ ಮೋಟರು, ಟಯರು, ಬ್ಯಾಟರಿ, ತೂಕ ಬರೆದು, ಒಂದೊಂದಾಗಿ ಹೊಡೆದು ಹಾಕಿದ. ಉಳಿದದ್ದು ಇದು. ಟಾರು ರಸ್ತೆಗೆಂದೇ ಮಾಡಿದ್ದು, ನುಣುಪು ಟಯರು, ಹೊಟ್ಟೆಗೂ ನೆಲಕ್ಕೂ ನಡುವೆ ಎಂಟೇ ಮಿಲಿಮೀಟರ್, ವೇಗ ಗಂಟೆಗೆ ಅರವತ್ತು ಕಿಲೋಮೀಟರ್.

ಇಷ್ಟಕ್ಕೆಲ್ಲ ಕಾರಣ ವಿಜಯಶ್ರೀಯ ತಮ್ಮ, ಲಿಂಗಸುಗೂರಿನ ಸಿದ್ದಲಿಂಗೇಶ. ದೊಡ್ಡ ಚಕ್ರದ ರಿಮೋಟ್ ಜೀಪು ಕೊಂಡು ಅದರ ವಿಡಿಯೊವನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ್ದ. 'ಇದು ಹೊಲಕ್ಕೆ, ರಸ್ತೆಗಲ್ಲ' ಎಂದು ಕರಿಬಸಯ್ಯ ಅದರ ಕೆಳಗೆ ಬರೆದ. ಮಸ್ಕಿಯ ಬೀಗರು ನಗುವ ಮುಖಗಳನ್ನು ಕಳಿಸಿದರು. ಮಾತಿಗೆ ಮಾತು ಬೆಳೆದು ರೇಸು ಗೊತ್ತಾಯಿತು. ಸೋತವನು ಒಂದು ವರ್ಷ ತನ್ನ ವಾಟ್ಸಾಪಿನಲ್ಲಿ ತನ್ನ ಮುಖದ ಬದಲು ಗೆದ್ದವನ ಫೋಟೊ ಇಟ್ಟುಕೊಳ್ಳಬೇಕು.

ಸಿದ್ದಲಿಂಗೇಶನಿಗೆ ಇದು ತಮಾಷೆ. ಕರಿಬಸಯ್ಯನಿಗಲ್ಲ. ಗಿರಣಿಯ ತೂಕದ ಚೀಟಿಗಳು ಹೋಗುವುದು ಅವನ ನಂಬರಿನಿಂದ. ನಾನೂರು ಜನ ರೈತರು ಮತ್ತು ಗಿರಣಿಯ ಮಾಲೀಕರು ಒಂದು ವರ್ಷ ಕಪ್ಪು ಕನ್ನಡಕದ ಭಾಮೈದನ ಮುಖ ನೋಡಬೇಕಾಗುತ್ತದೆ.

"ಕಸ್ತೂರೆಮ್ಮಾ, ಯಾರ ನೆಲ್ಲು ಇದು?"

ಎದುರುಮನೆಯ ಕಸ್ತೂರೆಮ್ಮ, ಅರವತ್ತು ದಾಟಿದ ಹೆಂಗಸು, ಭತ್ತದಲ್ಲಿ ಕಾಲೆಳೆಯುತ್ತ ಸಾಲು ಬಿಡುತ್ತಿದ್ದಳು. ಅಡಿಯ ಕಾಳು ಮೇಲೆ ಬರಬೇಕಾದರೆ ಹೀಗೆ ಗಳಿಗೆಗೊಮ್ಮೆ ಕೆದರಬೇಕು.

"ನಂದ ರೀ ಅಯ್ಯನೋರ. ಹದಿನೈದು ಚೀಲ. ಮೊನ್ನೆ ಟಾರ್ ಹಾಕ್ಯಾರ, ನೋಡ್ರಿ, ತಾಟಿನಂಗ ಐತಿ. ಒಂದು ಕಲ್ಲು ಹತ್ತಂಗಿಲ್ಲ."

"ಇವತ್ತ ಇಲ್ಲಿ ರೇಸು ಐತಲ್ಲ."

"ಮಾಡ್ರಿ. ಯಾರು ಬ್ಯಾಡಂದಾರ? ಕಾಳು ಗಟಾರಕ್ಕ ಚೆಲ್ಲಬ್ಯಾಡ್ರಿ, ಅಷ್ಟ."

ಕರಿಬಸಯ್ಯ ಒಂದು ಕಾಳು ತೆಗೆದು ಹಲ್ಲಿಗಿಟ್ಟು ಕಡಿದ. ಕಟ್ ಎನ್ನಲಿಲ್ಲ, ಮೆತ್ತಗೆ ಚಪ್ಪಟೆಯಾಯಿತು. ಗಿರಣಿಯಲ್ಲಿ ಹದಿನೆಂಟು ವರ್ಷ ಕಳೆದವನಿಗೆ ತೇವ ಅಳೆಯಲು ಯಂತ್ರ ಬೇಕಿಲ್ಲ.

"ಇದು ನಾಳಿ ಸಂಜಿತನ ಒಣಗಂಗಿಲ್ಲ."

"ಹಂಗಾರ ನಾಳಿ ಸಂಜಿತನ ಇಲ್ಲೇ ಇರ್ತೈತಿ," ಎಂದಳು ಕಸ್ತೂರೆಮ್ಮ.

ನೋಡಿಯೇ ಬಿಡೋಣ ಎಂದು ಕರಿಬಸಯ್ಯ ಕಾರು ಇಳಿಸಿ ರಿಮೋಟು ಒತ್ತಿದ. ಕಾರು ಗೇಣುದ್ದ ಹೋಗಿ ಭತ್ತಕ್ಕೆ ಹೊಟ್ಟೆ ಹಚ್ಚಿತು. ಹಿಂದಿನ ಚಕ್ರಗಳು ಗರಗರ ತಿರುಗಿ ಕಸ್ತೂರೆಮ್ಮನ ತಲೆ ಮೇಲೆ ಬೊಗಸೆ ಕಾಳನ್ನು ಅಕ್ಷತೆಯ ಹಾಗೆ ಎರಚಿದವು. ಆಮೇಲೆ ಅದು ಕೆಸರಿಗಿಳಿದ ಎಮ್ಮೆಯಂತೆ ಕೂತುಬಿಟ್ಟಿತು.

ನಿವೃತ್ತ ಬಸ್ ಡ್ರೈವರ್ ಲಾಲಪ್ಪ ಬೇವಿನ ಕಡ್ಡಿ ಜಗಿಯುತ್ತ ಬಂದು ಕಾರಿನ ಟಯರನ್ನು ಚಪ್ಪಲಿಯಿಂದ ಮೆಲ್ಲಗೆ ಒದ್ದ.

"ಗಾಳಿ ಕಡಿಮಿ ಐತಿ."

"ಇದಕ್ಕ ಗಾಳಿನ ಇಲ್ಲ ಲಾಲಪ್ಪ. ಒಳಗ ಸ್ಪಂಜು."

"ಅದನ್ನ ಹೇಳಾಕತ್ತೀನಿ ನಾನೂ."

ಹತ್ತೂ ನಲವತ್ತಕ್ಕೆ ಸಿದ್ದಲಿಂಗೇಶ ಬಂದಿಳಿದ. ಅವನ ಜೀಪಿನ ಒಂದೊಂದು ಚಕ್ರವೂ ಸಣ್ಣ ರೊಟ್ಟಿಯಷ್ಟಿತ್ತು. ನೆಲಕ್ಕೆ ಬಿಟ್ಟರೆ ಮದುಮಗ ಹಂದರಕ್ಕೆ ನಡೆದ ಹಾಗೆ ಗತ್ತಿನಲ್ಲಿ ಭತ್ತದ ಮೇಲೆ ಹೋಗಿ ಬಂತು. ಕರಿಬಸಯ್ಯ ಒಂದು ಸಲ ಜೀಪು ನೋಡಿದ, ಒಂದು ಸಲ ಕಾರು ನೋಡಿದ. ನಲವತ್ತೊಂದು ದಿನದಲ್ಲಿ ಹೊಳೆಯದಿದ್ದದ್ದು ಅರ್ಧ ನಿಮಿಷದಲ್ಲಿ ಹೊಳೆಯಿತು.

"ಸಿದ್ದು, ನೀ ಮನಿಗೆ ಬಂದಾವ. ಚಲೋದು ನಾ ಇಟ್ಟಕೊಂಡು ಕಡಿಮಿದು ನಿನಗ ಬಿಡೂದು ನ್ಯಾಯ ಅಲ್ಲ. ನಂದು ನೀ ತಗೋ. ನಿಂದು ನಾ ಓಡಸ್ತೀನಿ."

ವಿಜಯಶ್ರೀ ಅಡುಗೆಮನೆಯಿಂದ ಇಣುಕಿದಳು. "ರೀ, ಆರಾಮ ಅದೀರಿಲ್ಲ?"

"ಎಷ್ಟು ಓಡ್ತೈತಿ ಮಾಮಾ?" ಸಿದ್ದಲಿಂಗೇಶ ಕೇಳಿದ.

"ಅರವತ್ತು."

"ನಂದು ಮೂವತ್ತು. ಆದ್ರ ಹಾದಿ ತುಂಬ ನೆಲ್ಲು ಐತಲ್ಲ?"

"ಐತಿ," ಎಂದ ಕರಿಬಸಯ್ಯ. ಅವನು ಸುಳ್ಳು ಹೇಳುವವನಲ್ಲ.

ಸಿದ್ದಲಿಂಗೇಶ ಆಕಾಶ ನೋಡಿ ಲೆಕ್ಕ ಹಾಕಿದ. "ಅರವತ್ತರಾಗ ಅರ್ಧ ಹೋದ್ರೂ ಮೂವತ್ತು ಉಳೀತೈತಿ. ಕೊಡು."

ಅವನು ಮನಸ್ಸು ಬದಲಿಸುವ ಮುಂಚೆ ಕರಿಬಸಯ್ಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆದ: ರೇಸು ಸಂಜೆ ಐದು ಗಂಟೆಗೆ. ಇನ್ನೂರು ಮೀಟರು. ಆಗ ರಸ್ತೆ ಹೇಗಿರುತ್ತದೋ ಹಾಗೆ. ಬದಲಾದ ಕಾರು ಬದಲಾದದ್ದೇ, ವಾಪಸಿಲ್ಲ. ಇಬ್ಬರೂ ಸಹಿ ಹಾಕಿದರು. ಲಾಲಪ್ಪ ಸಾಕ್ಷಿ ಹಾಕಿ ಚೀಟಿಯನ್ನು ಜೇಬಿಗಿಟ್ಟುಕೊಂಡ. ಸಿದ್ದಲಿಂಗೇಶ ಬಳಗಾನೂರಿನ ಗೆಳೆಯನ ಮಗುವಿನ ತೊಟ್ಟಿಲ ಕಾರ್ಯದ ಊಟಕ್ಕೆ ಹೋದ.

ಕರಿಬಸಯ್ಯನಿಗೆ ಜೀಪು ಹೊಸದು. ರೂಢಿಯಾಗಲೆಂದು ಭತ್ತದ ಮೇಲೆ ಬಿಟ್ಟ.

"ನಿಂದರಸ್ರಿ ಅಯ್ಯನೋರ!" ಕಸ್ತೂರೆಮ್ಮ ಕೈ ಎತ್ತಿದಳು. ಜೀಪಿನ ಹಿಂದೆ ಎರಡು ನೇರ ಸಾಲು ಬಿದ್ದಿದ್ದವು. ಅವಳು ಬಗ್ಗಿ ನೋಡಿದಳು. ಒಳಗಿನ ಹಸಿ ಕಾಳು ಮೇಲೆ ಬಂದಿತ್ತು. ಬೆಳಗಿನಿಂದ ಕಾಲೆಳೆದು ಅವಳ ಮೊಣಕಾಲು ಬಿಗಿದಿದ್ದವು. "ಈ ಮಗ್ಗಲಕ್ಕ ಒಮ್ಮೆ ಬಿಡ್ರಿ."

ಬಿಟ್ಟ.

"ಆ ಮಗ್ಗಲಕ್ಕ?"

ಲಾಲಪ್ಪ ಹಳೆಯ ಪೊರಕೆಯೊಂದನ್ನು ತಂದು ಜೀಪಿನ ಹಿಂದೆ ಸುತಲಿ ಹಗ್ಗದಿಂದ ಬಿಗಿದ. ಎರಡು ಸಾಲು ಹೋಗಿ ಹತ್ತಾಯಿತು.

ಅರ್ಧ ಕೆಲಸ ಬಿಡುವುದು ಕರಿಬಸಯ್ಯನ ರಕ್ತದಲ್ಲಿರಲಿಲ್ಲ. ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಇಪ್ಪತ್ತು ನಿಮಿಷಕ್ಕೊಂದು ಸುತ್ತು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದ. ಜೀಪಿನ ಜೊತೆಗಿದ್ದ ಮೂರು ಬ್ಯಾಟರಿ ಸರದಿಯ ಮೇಲೆ ಮನೆಯೊಳಗೆ ಚಾರ್ಜಾಗುತ್ತಿದ್ದವು. ಮಿಕ್ಸರಿನ ಪ್ಲಗ್ಗು ಕಿತ್ತಿದ್ದಕ್ಕೆ ಅಂದು ಶೇಂಗಾ ಚಟ್ನಿ ಇರುವುದಿಲ್ಲವೆಂದು ವಿಜಯಶ್ರೀ ಸಾರಿದಳು. ಅವನಿಗೆ ಅದರ ಚಿಂತೆ ಇರಲಿಲ್ಲ. ಕಸ್ತೂರೆಮ್ಮ ಮಜ್ಜಿಗೆ ಕಳಿಸಿದಳು. ಹಿಂದಿನ ಓಣಿಯ ಹೆಂಗಸರು ನೋಡಲು ಬಂದು ಮಿರ್ಚಿ ಬಜಿ ತಂದರು.

"ಅಯ್ಯನೋರ, ಗ್ವಾಡಿ ನೆಳ್ಳಾಗಿಂದು ಇನ್ನಾ ಹಸಿ ಐತಿ. ಬಿಸಲಿಗೆ ಎಳೀರಿ."

"ಸಾಲು ಸೊಟ್ಟ ಆತು ನೋಡ್ರಿ."

"ಮೂವತ್ತು ವರ್ಷ ಬಸ್ ಹೊಡದೀನಿ," ಎಂದ ಲಾಲಪ್ಪ. "ಬಸ್ಸಿಗೆ ಕೈ ಮಾಡಿದ ಹೆಣಮಕ್ಕಳನ್ನ ನೋಡೀನಿ. ಮಜ್ಜಿಗಿ ಕೊಟ್ಟವರನ್ನ ನೋಡಿಲ್ಲ."

ಕರಿಬಸಯ್ಯನಿಗೆ ಇಂಥ ಮರ್ಯಾದೆ ಅತ್ತೆಮನೆಯಲ್ಲೂ ಸಿಕ್ಕಿರಲಿಲ್ಲ. ಹನ್ನೊಂದನೆಯ ಸುತ್ತಿಗೆ ಜೀಪು ಅವನ ಕೈಯಲ್ಲಿ ಪಳಗಿದ ಎತ್ತಿನಂತೆ ತಿರುಗತೊಡಗಿತು. ಬೆಳಿಗ್ಗೆ ಮೆತ್ತಗೆ ಕುಸಿಯುತ್ತಿದ್ದ ಭತ್ತ ಈಗ ಚಕ್ರದಡಿಯಲ್ಲಿ ಚರಚರ ಎನ್ನುತ್ತಿತ್ತು. ಕೇಳಲು ಹಿತವಾಗಿತ್ತು. ಅವನು ಹನ್ನೆರಡನೆಯ ಸುತ್ತು ಶುರು ಮಾಡಿದ.

ನಾಲ್ಕೂ ಇಪ್ಪತ್ತಕ್ಕೆ ಕಸ್ತೂರೆಮ್ಮ ಒಂದು ಕಾಳು ಕಡಿದಳು. ಕಟ್.

ಲಾಲಪ್ಪನೂ ಕಡಿದ. ಕಟ್.

ಕರಿಬಸಯ್ಯ ರಿಮೋಟು ಕೆಳಗಿಟ್ಟು ತಾನೂ ಒಂದನ್ನು ಹಲ್ಲಿಗಿಟ್ಟ. ಅದೂ ಕಟ್ ಎಂದಿತು. ಅವನು ಒಂದು ಸಲ ರಸ್ತೆ ನೋಡಿದ, ಒಂದು ಸಲ ಜೀಪು ನೋಡಿದ.

"ಒಳಗ ಇನ್ನಾ ಹಸಿ ಐತಿ ಕಸ್ತೂರೆಮ್ಮಾ. ನಾಳಿ ಒಂದಿನ ಬಿಡ್ರಿ."

"ಗಿರಣ್ಯಾಗ ಇರಾವರು ನೀವ ಹಿಂಗಂದ್ರ ಹ್ಯಾಂಗ್ರಿ? ಇದಕ್ಕಿಂತ ಒಣಗಿದ್ರ ಅಕ್ಕಿ ನುಚ್ಚಾಗಂಗಿಲ್ಲೇನು?"

ಅದು ನಿಜ. ಅವನೇ ರೈತರಿಗೆ ದಿನಾ ಹೇಳುವ ಮಾತು.

"ಒಂದು ತಾಸು ಬಿಡ್ರಿ, ಸಾಕು."

"ನಿಮ್ಮ ರೇಸು ಐತಲ್ರೀ ಐದಕ್ಕ. ಇಡೀ ದಿನ ನಮ್ಮ ಸಲುವಾಗಿ ದುಡದೀರಿ. ನಿಮಗ ಹಾದಿ ಬಿಡಲಿಲ್ಲಂದ್ರ ನಾವು ಮನಷ್ಯಾರೇನು?"

ಮಿರ್ಚಿ ಬಜಿ ತಂದವರೆಲ್ಲ ಪೊರಕೆ ತಂದರು. ಇಪ್ಪತ್ತೈದು ನಿಮಿಷದಲ್ಲಿ ಹದಿನೈದು ಚೀಲ ತುಂಬಿ ಗೋಡೆಗೆ ನಿಂತವು. ಇರುವೆಗೂ ಒಂದು ಕಾಳು ಉಳಿಯದಂತೆ ರಸ್ತೆ ಗುಡಿಸಿದರು. ಟಾರು ಕನ್ನಡಿಯಂತಾಯಿತು.

ಐದಕ್ಕೆ ಐದು ನಿಮಿಷವಿದ್ದಾಗ ಸಿದ್ದಲಿಂಗೇಶ ಬಂದ. ರಸ್ತೆ ನೋಡಿ ಅವನ ಕಣ್ಣು ತುಂಬಿ ಬಂತು.

"ಮಾಮಾ, ನನ್ನ ಸಲುವಾಗಿ ಕಸಾನೂ ಹೊಡಿಸಿಯಾ?"

"ಸಿದ್ದು, ಇನ್ನೊಮ್ಮೆ ವಿಚಾರ ಮಾಡು. ನಿನ್ನ ಜೀಪು ನಿನಗ ರೂಢಿ ಐತಿ. ನಂದು ನನಗ..."

ಲಾಲಪ್ಪ ಜೇಬಿನಿಂದ ಚೀಟಿ ತೆಗೆದು ಓಣಿಗೆಲ್ಲ ಕೇಳುವಂತೆ ಓದಿದ. ಅಕ್ಷರ ಬಹಳ ಸ್ಪಷ್ಟವಾಗಿತ್ತು.

ಕೆಂಪು ಕಾರು ಇನ್ನೂರು ಮೀಟರನ್ನು ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಸಿತು. ಜೀಪಿಗೆ ಮೂವತ್ತೊಂದು ಸೆಕೆಂಡು ಹಿಡಿಯಿತು. ಪೊರಕೆ ಬಿಚ್ಚುವುದನ್ನು ಯಾರೂ ನೆನಪಿಸಿರಲಿಲ್ಲ. ಆದರೂ ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದ್ದು ಜೀಪಿಗೇ. ಫೋಟೊಗೆ ಸಿದ್ದಲಿಂಗೇಶ ಕಪ್ಪು ಕನ್ನಡಕ ಸರಿಮಾಡಿಕೊಂಡು ಕೆಂಪು ಕಾರು ಎತ್ತಿಹಿಡಿದ. ಚೀಟಿಯಲ್ಲಿ ಬರೆದಿದ್ದಂತೆ ಅದನ್ನು ಲಿಂಗಸುಗೂರಿಗೆ ತೆಗೆದುಕೊಂಡು ಹೋದ.

ಸೋಮವಾರ ಬೆಳಿಗ್ಗೆ ಆರೂವರೆಗೆ ವಳಕಮದಿನ್ನಿಯಿಂದ ಬಂದ ಟ್ರ್ಯಾಕ್ಟರು ಕರಿಬಸಯ್ಯನ ಬಾಗಿಲ ಮುಂದೆ ನಿಂತಿತು. ಟ್ರೇಲರಿನಲ್ಲಿ ಕಸ್ತೂರೆಮ್ಮನ ತಂಗಿಯ ನಲವತ್ತು ಚೀಲ ಹಸಿ ಭತ್ತ ಇತ್ತು.