ಕಪ್ ಗೆದ್ದ ಕೋಣಗಳು

ನನ್ನ ಸೋದರಮಾವನ ಲೆಕ್ಕದಲ್ಲಿ ಜಗತ್ತಿನ ಜೀವಿಗಳು ಎರಡೇ ಬಗೆ: ಕಂಬಳದ ಕೋಣಗಳು, ಮತ್ತು ಕೋಣವಾಗುವ ಯೋಗ್ಯತೆ ಇಲ್ಲದವರು. ನಾನು ಎರಡನೆಯ ಬಗೆಯವನೆಂದು ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಅವರು ತೀರ್ಮಾನಿಸಿದ್ದರಂತೆ. ನಮ್ಮದು ಅಳಿಯಸಂತಾನ ನೋಡಿ. ಮನೆಯ ಯಜಮಾನ ಅಪ್ಪನಲ್ಲ, ಮಾವ. ಅವರ ತರುವಾಯ ದೇರೆಬೈಲಿನ ಗದ್ದೆ, ಮನೆ, ಕೋಣದ ಕೊಟ್ಟಿಗೆ ಎಲ್ಲವನ್ನೂ ನೋಡಿಕೊಳ್ಳಬೇಕಾದವನು ಅಳಿಯನಾದ ನಾನು. ಅಂಥ ಅಳಿಯ ಪೇಟೆಯ ಕಾಲೇಜಿಗೆ ಸೇರಿ, ಚಡ್ಡಿ ಹಾಕಿಕೊಂಡು, ಚೆಂಡಿನ ಹಿಂದೆ ಓಡುವುದೆಂದರೆ!

ಮಳೆಗಾಲದ ಫುಟ್ಬಾಲ್ ಪಂದ್ಯಗಳು ಶುರುವಾಗುವ ಹೊತ್ತಿಗೆ ಮಾವ ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟರು.

“ಈ ಸಲ ಕಪ್ ತಂದರೆ ಓದು, ಬಿ.ಎ. ಮಾಡು, ಬೇಕಾದ್ದು ಮಾಡು. ತಾರದಿದ್ದರೆ ಸೀದಾ ಬಂದು ಗದ್ದೆಗೆ ಇಳಿ. ಸೋಲುವ ಕೆಲಸಕ್ಕೆ ಕಾಲೇಜು ಎಂತಕ್ಕೆ ಮಾರಾಯ?”

ನಾನು ಆಗಲೇ ಮನಸ್ಸಿನಲ್ಲಿ ಪುಸ್ತಕಗಳನ್ನು ಕಟ್ಟಿಟ್ಟೆ. ಏಕೆಂದರೆ ನಮ್ಮ ಕಾಲೇಜು ಕಪ್ಪನ್ನು ಹತ್ತಿರದಿಂದ ನೋಡಿದ್ದೆಲ್ಲ ಅದನ್ನು ಇನ್ನೊಬ್ಬರಿಗೆ ಕೊಡುವಾಗಲೇ!

ಆದರೆ ತಮ್ಮ ಮನೆಯ ಪ್ರಾಣಿ ಯಾವುದಾದರೂ ಓಟಕ್ಕೆ ಇಳಿದಿದೆ ಎಂದಾಗ ಮಾವನಿಂದ ಸುಮ್ಮನೆ ಕೂರಲಾದೀತೇ? ಮೊದಲ ಪಂದ್ಯಕ್ಕೇ ಮೈದಾನಕ್ಕೆ ಬಂದರು. ನಾವು ಏದುಸಿರು ಬಿಡುತ್ತ ಹೇಗೋ ಗೆದ್ದೆವು. ಆಟ ಮುಗಿದದ್ದೇ ತಡ, ತಂಡವನ್ನು ನೋಡಿಕೊಳ್ಳುತ್ತಿದ್ದ ಇತಿಹಾಸದ ಮಾಸ್ಟ್ರನ್ನು ಹಿಡಿದರು.

“ಇವರಿಗೆ ನೀವು ಎಂತ ಹಾಕ್ತೀರಿ?”

“ಹಾಕುವುದು ಅಂದರೆ?”

“ಮೇವು ಮಾರಾಯ್ರೆ, ಮೇವು!”

ಮರುದಿನದಿಂದ ನಮ್ಮ ಹಾಸ್ಟೆಲಿಗೆ ಹಂಡೆಗಟ್ಟಲೆ ಬೇಯಿಸಿದ ಹುರುಳಿ ಬರತೊಡಗಿತು. ಅದರ ಹಿಂದೆಯೇ ಎಣ್ಣೆಯ ಭರಣಿ. ಅದರ ಹಿಂದೆ ಕೋಣಗಳಿಗೆ ಎಣ್ಣೆ ತಿಕ್ಕುವ ಆಳು. ಆತ ನಮ್ಮ ತೊಡೆಗಳಿಗೆ ಎಣ್ಣೆ ಹಚ್ಚಿ ಫಳ್ಳನೆ ಬಾರಿಸಿದರೆ ನಾವೂ ಒಮ್ಮೆ ಬಾಲ ಎತ್ತಬೇಕೆನಿಸುತ್ತಿತ್ತು! ಹುರುಳಿಯ ಪ್ರಭಾವದಿಂದ ತರಗತಿಯಲ್ಲಿ ನಮ್ಮ ಅಕ್ಕಪಕ್ಕದ ಬೆಂಚುಗಳು ಖಾಲಿಯಾದುವು. ಕಿಟಕಿಗಳನ್ನು ತೆರೆದಿಡಬೇಕೆಂದು ಪ್ರಿನ್ಸಿಪಾಲರು ಆಜ್ಞೆ ಹೊರಡಿಸಿದರು.

ಎರಡನೆಯ ಪಂದ್ಯದಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದುವಲ್ಲ, ಮಾವ ಕೊಡೆ ಎತ್ತಿಕೊಂಡು ಮೈದಾನದೊಳಕ್ಕೆ ನುಗ್ಗಿಯೇಬಿಟ್ಟರು! ಕಂಬಳದಲ್ಲಿ ಕೋಣಗಳು ಓಡಿ ಮುಟ್ಟುವ ಕಟ್ಟೆಗೆ ಮಂಜೊಟ್ಟಿ ಎನ್ನುತ್ತಾರೆ. ಅದು ಯಾವತ್ತೂ ಒಂದೇ ಕಡೆ.

“ಇಷ್ಟು ಹೊತ್ತು ನಮ್ಮ ಮಂಜೊಟ್ಟಿ ಆಚೆ ಇತ್ತು, ಈಗ ಈಚೆ ಹೇಗೆ ಬಂತು? ಇದು ಮೋಸ!”

ರೆಫರಿ ಸೀಟಿ ಊದಿದ. ಮಾವ ಅವನಿಗಿಂತ ಜೋರಾಗಿ ಕೂಗಿದರು. ಕಡೆಗೆ ಒಂದು ಒಪ್ಪಂದವಾಯಿತು: ನಾವು ಯಾವ ಗೋಲಿಗೆ ಹೊಡೆಯಬೇಕೋ ಅದರ ಹಿಂದೆ ಮಾವನ ಕುರ್ಚಿ. ಅರ್ಧ ಆಟವಾದ ಮೇಲೆ ಕುರ್ಚಿಯೂ ಬದಿ ಬದಲಿಸುತ್ತಿತ್ತು.

ಆ ಪಂದ್ಯವನ್ನೂ ಹೇಗೋ ಗೆದ್ದೆವು. ಆದರೂ ಅವರಿಗೆ ಸಮಾಧಾನವಿಲ್ಲ. ಮುಂಚೂಣಿಯಲ್ಲಿ ಆಡುತ್ತಿದ್ದವರು ನಾನು ಮತ್ತು ಗೆಳೆಯ ಪಾವ್ಲು. ಇಬ್ಬರಿಗೂ ಗೋಲು ತಾನೇ ಹೊಡೆಯಬೇಕೆಂಬ ಹಟ.

“ನಿಮ್ಮಿಬ್ಬರ ಹೆಜ್ಜೆಯ ಸದ್ದೇ ಹೊಂದುವುದಿಲ್ಲ. ಜೋಡಿ ಅಂದರೆ ಹೀಗಾ?” ಎಂದವರೇ ನಮ್ಮನ್ನು ದೇರೆಬೈಲಿಗೆ ಕರೆದೊಯ್ದು, ಕೆಸರುಗದ್ದೆಗೆ ಇಳಿಸಿ, ಇಬ್ಬರ ಹೆಗಲ ಮೇಲೂ ನೊಗ ಇಟ್ಟರು. ಹೌದು ಸ್ವಾಮಿ, ನೊಗ! ನಾನು ಬಲದ ಕೋಣ, ಪಾವ್ಲು ಎಡದ ಕೋಣ. ಹಿಂದಿನಿಂದ ಹಗ್ಗ ಹಿಡಿದು ಮಾವ.

“ನಿಮ್ಮ ಮಾವನಿಗೆ ತಲೆ ಸರಿ ಉಂಟಾ?” ಎಂದು ಪಾವ್ಲು ಕೆಸರು ಉಗುಳುತ್ತ ಕೇಳಿದ. ಉತ್ತರಿಸಲು ನನ್ನ ಬಾಯಿಯೂ ಖಾಲಿ ಇರಲಿಲ್ಲ.

ಆದರೆ ವಾರ ಕಳೆಯುವಷ್ಟರಲ್ಲಿ ಅವನು ಎಡಕ್ಕೆ ವಾಲಿದರೆ ನನ್ನ ಹೆಗಲಿಗೆ ಮೊದಲೇ ಗೊತ್ತಾಗತೊಡಗಿತು. ಸೆಮಿಫೈನಲಿನಲ್ಲಿ ಪಣಂಬೂರಿನ ಮರಳಲ್ಲಿ ಆಡಿ ಬೆಳೆದ ಗಟ್ಟಿಗರ ತಂಡವನ್ನು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ಪಾಸ್ ಕೊಟ್ಟುಕೊಂಡು ಸೋಲಿಸಿದೆವು. ನೊಗ ಕಳಚಿದರೂ ಜೋಡಿ ಕಳಚಲಿಲ್ಲ.

ಫೈನಲಿಗೆ ಎದುರಾದದ್ದು ಬಂದರಿನ ಒಂದು ಕಂಪೆನಿಯ ತಂಡ. ಅವರ ಕಾಲಲ್ಲಿ ಬೂಟುಗಳು, ನಮ್ಮದು ಬರಿಗಾಲು. ಮಧ್ಯಾಹ್ನದಿಂದ ಹಿಡಿದ ಮಳೆಗೆ ಮೈದಾನ ನಾಟಿಗೆ ಸಿದ್ಧವಾದ ಗದ್ದೆಯಾಗಿತ್ತು. ಬೂಟಿನವರು ಓಡುವುದಕ್ಕಿಂತ ಹೆಚ್ಚಾಗಿ ಕುಳಿತುಕೊಳ್ಳುತ್ತಿದ್ದರು! ಆದರೆ ಅವರ ಗೋಲ್‌ಕೀಪರ್ ಮಾತ್ರ ಗೋಡೆಯಂಥ ಮನುಷ್ಯ. ಆಟ ಮುಗಿಯುತ್ತ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ನನ್ನ ಕಣ್ಣ ಮುಂದೆ ಕೊಟ್ಟಿಗೆ ಕುಣಿಯತೊಡಗಿತು. ಆಗ ಪಾವ್ಲು ಚೆಂಡು ಹಿಡಿದು ಎಡದಿಂದ ನುಗ್ಗಿದ. ಗೋಲ್‌ಕೀಪರ್ ಅವನತ್ತ ಹಾರಿದ. ಪಾವ್ಲು ತಲೆ ತಿರುಗಿಸದೆ ಚೆಂಡನ್ನು ಬಲಕ್ಕೆ ತಳ್ಳಿದ, ಅಲ್ಲಿ ನಾನಿದ್ದೆ. ಗೋಲು!

ಇಡೀ ಮೈದಾನ ಕೂಗಿತು. ಹಿಂದೆಯೇ ಕೊನೆಯ ಸೀಟಿ. ಇತಿಹಾಸದ ಮಾಸ್ಟ್ರು ಪಂಚೆ ಎತ್ತಿ ಕಟ್ಟಿ ಕುಣಿದರು. ಕಪ್ ನನ್ನ ಕೈಗೆ ಬಂದದ್ದೇ ಗೋಲುಕಂಬದ ಹಿಂದಿದ್ದ ಮಾವನ ಬಳಿಗೆ ಓಡಿದೆ. ಕೊಡೆ ಎಲ್ಲೋ ಬಿದ್ದಿತ್ತು. ತೊಯ್ದು ತೊಪ್ಪೆಯಾಗಿ ನಿಂತಿದ್ದರು.

“ಯಾರು? ಎಡದವನಾ?” ಎಂದು ನನ್ನ ತೋಳು ಹಿಡಿದರು. “ಗೋಲು ಹೊಡೆದದ್ದು ಯಾರು ಮಾರಾಯ?”

ನಾನು ಅವರ ಮುಖದ ಎದುರಿಗೇ ನಿಂತಿದ್ದೆ.

“ನಾನು, ಮಾವ.”

ಅವರ ಕೈ ತೋಳಿನಿಂದ ಮೇಲೇರಿ ನನ್ನ ಕೆನ್ನೆ ಮುಟ್ಟಿ ನಿಂತಿತು. “ಹೋದ ವರ್ಷದಿಂದ ಕಣ್ಣಿಗೆ ಎಲ್ಲ ಹೊಗೆ ಕವಿದ ಹಾಗೆ ಉಂಟು,” ಎಂದರು ಮೆಲ್ಲಗೆ. “ನಿನ್ನ ಅಮ್ಮನಿಗೆ ಹೇಳಬೇಡ.”

“ಅದಕ್ಕೇ ನನ್ನನ್ನು ಗದ್ದೆಗೆ ಬಾ ಅಂದದ್ದಾ?”

“ಸೋತಿದ್ದರೆ ಬರಬೇಕಿತ್ತು. ಗೆದ್ದೆಯಲ್ಲ, ನಾಳೆ ಕಾಲೇಜಿಗೆ ಹೋಗು.”

ನಾನು ಸೋತಿದ್ದರೆ ಅವರಿಗೊಂದು ಆಸರೆ ಸಿಗುತ್ತಿತ್ತು. ಆದರೂ ಮಳೆಗಾಲವಿಡೀ ನನ್ನನ್ನು ಗೆಲ್ಲಿಸಲೆಂದೇ ಒದ್ದಾಡಿದ್ದರು. ಸುತ್ತಲೂ ಜಯಕಾರ ಮೊಳಗುತ್ತಿರುವಾಗ ನಾನು ಅವರ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ.

“ಕಪ್ ಎಲ್ಲಿ? ಕೊಡು ಇಲ್ಲಿ,” ಎಂದರು. ಎರಡೂ ಕೈಗಳಲ್ಲಿ ತೆಗೆದುಕೊಂಡು ಅದರ ಹಿಡಿ, ಕತ್ತು, ಬುಡವನ್ನೆಲ್ಲ ಬೆರಳಿನಿಂದ ಸವರಿ ಸವರಿ ನೋಡಿದರು.

“ಚಂದ ಉಂಟು,” ಎಂದರು.