ಭರ್ಚಿಗೆ ಆಧಾರ ಕಾರ್ಡ ಐತೇನು?

ಎಲ್ಲಾ ರಾಮಾಯಣ ಶುರುವಾಗಿದ್ದು ಕ್ರೂಸರ್ ಗಾಡಿ ಒಂದು ಮೊಳ ಗಿಡ್ಡ ಇದ್ದುದರಿಂದ. ಖಾನಾಪುರದ ಜಿಲ್ಲಾ ಕ್ರೀಡಾಕೂಟಕ್ಕೆ ವಡಗಾವಿಯ ಸರಕಾರಿ ಹೈಸ್ಕೂಲಿನ ಮಕ್ಕಳನ್ನು ಒಯ್ಯಲು ಪಿ.ಟಿ. ಮಾಸ್ತರ ಸಿದರಾಯ ಸರ್ ತರಿಸಿದ ಬಾಡಿಗೆ ಗಾಡಿ ಅದು, ಮೇಲೆ ಕ್ಯಾರಿಯರೂ ಇಲ್ಲದ್ದು. ಮಕ್ಕಳು ಒಬ್ಬರ ತೊಡೆ ಮೇಲೊಬ್ಬರು ಕೂತು ಹಿಡಿಸಿದರು, ಗುಂಡು ಹಿಡಿಸಿತು, ಚುರುಮುರಿ ಚೀಲವೂ ಹಿಡಿಸಿತು. ಜಾವೆಲಿನ್ ಎಸೆತದ ಭರ್ಚಿ ಮಾತ್ರ ಉದ್ದ ಹಿಡಿದರೂ ಅಡ್ಡ ಹಿಡಿದರೂ ಹಿಡಿಸಲಿಲ್ಲ.

"ಮಹೇಕ, ಒಗಿಯಾಕಿ ನೀನು, ತರಾಕಿನೂ ನೀನ," ಅಂದರು ಸರ್. "ಸಮೃದ್ಧಿನ್ನ ಜೋಡಿ ಕರಕೊಂಡು ಬಸ್ಸಿಗೆ ಬಾ. ಹನ್ನೊಂದರೊಳಗ ಮುಟ್ಟಬೇಕು ನೋಡು. ಅವರ ಕಡೆ ಹುಡುಗ್ಯಾರ ಭರ್ಚಿ ಇಲ್ಲಂತ, ನಿಮ್ಮದು ನೀವ ತರ್ರಿ ಅಂದಾರ."

ಗಾಡಿ ಹೋಯಿತು. ಹುಡುಗಿಯರಿಬ್ಬರೂ ಭರ್ಚಿಯೂ ಉಳಿದರು.

ಆ ಭರ್ಚಿಯ ಹಣೆಬರಹವೇ ಬೇರೆ. ಹೋದ ವರ್ಷ ಹಳೇ ವಿದ್ಯಾರ್ಥಿಗಳು ಕೊಟ್ಟದ್ದು. ಬಂದ ದಿನವೇ ಹೆಡ್‌ಮಾಸ್ತರರು ಅದನ್ನು ಆಫೀಸಿನ ಗೋಡೆಗೆ ಏರಿಸಿಬಿಟ್ಟರು. ಆಯುಧಪೂಜೆಯ ಅರಿಷಿಣ, ಕುಂಕುಮ, ಚೆಂಡು ಹೂವಿನ ಮಾಲೆ ಎಲ್ಲ ಅದಕ್ಕೆ ಸಿಕ್ಕವು, ಮೈದಾನ ಮಾತ್ರ ಸಿಗಲಿಲ್ಲ. "ಮುರದರ ಯಾರು ಹೊಣಿ?" ಅನ್ನುತ್ತಿದ್ದರು. ಪಾಪ ಮಹೇಕ, ನೇಕಾರರ ಓಣಿಯಿಂದ ತಂದ ಬಿದಿರಿನ ಗಳ ಒಗೆದೊಗೆದು ಕಲಿತಳು. ಈಗ ಹತ್ತನೇ ಇಯತ್ತೆ. ಗೆದ್ದರೆ ರಾಜ್ಯಮಟ್ಟ, ಸೋತರೆ ಆಟಗೀಟ ಇಲ್ಲಿಗೇ ಸಾಕು ಅಂತ ಅಜ್ಜಿ ಬೀಬಿಜಾನ ಖಡಾಖಂಡಿತ ಹೇಳಿಬಿಟ್ಟಿದ್ದಳು. ಏನೇ ಆಗಲಿ, ಇವತ್ತು ಕೂಟದ ನೆಪದಲ್ಲಿ ಗೋಡೆಯಿಂದ ಇಳಿದ ಖರೇ ಭರ್ಚಿ ಒಗೆದೇ ತೀರಬೇಕೆಂದು ಮಹೇಕ ಹಟ ಹಿಡಿದಿದ್ದಳು.

ಬಸ್ಸಿನ ಬಾಗಿಲಲ್ಲೇ ಕಂಡಕ್ಟರ್ ಯಲ್ಲೇಶ ಅಡ್ಡ ನಿಂತ.

"ಏ, ಏ, ಏ! ಯುದ್ಧಕ್ಕ ಹೊಂಟೀರೇನು?"

"ಸಾಲಿ ಆಟಕ್ಕ್ರಿ," ಅಂತ ಮಹೇಕ ಆಧಾರ ಕಾರ್ಡ್ ತೋರಿಸಿದಳು. "ಹೆಣ್ಮಕ್ಕಳಿಗೆ ಫುಕಟ ಐತಲ್ರಿ?"

"ನಿಮಗ ಫುಕಟ. ಇದಕ್ಕ ಆಧಾರ ಕಾರ್ಡ ಐತೇನು?"

"ಇದೂ ಹೆಣ್ಮಕ್ಕಳ ಭರ್ಚಿನ ಐತ್ರಿ!" ಅಂದಳು ಸಮೃದ್ಧಿ.

ಬಸ್ಸಿಗೆ ಬಸ್ಸೇ ನಕ್ಕಿತು. ಯಲ್ಲೇಶ ನಗಲಿಲ್ಲ, ಲಗೇಜಿನ ಟಿಕೀಟು ಹರಿದು ಕೈಗಿಟ್ಟ. ಮಧ್ಯಾಹ್ನದ ಭಜಿಗೆಂದು ಇಟ್ಟುಕೊಂಡ ರೊಕ್ಕ ಅಲ್ಲಿಗೇ ಖಲಾಸ್ ಆಯಿತು.

ಒಳಗೆ ಕಾಲಿಡಲು ಜಾಗವಿಲ್ಲ. ಭರ್ಚಿ ನಿಲ್ಲಿಸಿದರೆ ಮೇಲಿನ ತಗಡಿಗೆ ಬಡಿಯುತ್ತದೆ, ಮಲಗಿಸಿದರೆ ಜನ ಎಡವುತ್ತಾರೆ. ಮೊನೆಗೆ ಟವೆಲ್ ಸುತ್ತಿ ಮಹೇಕ ಓರೆಯಾಗಿ ಹಿಡಿದು ನಿಂತಳು. ಇನ್ನೇನು ಬೇಕು, ಬಸ್ಸಿನ ತುಂಬ ಬುದ್ಧಿ ಹೇಳುವ ಶಾಣ್ಯಾರೇ.

"ಕಿಡಕ್ಯಾಗಿಂದ ಹೊರಗ ಹಾಕು!" ಅಂದ ಒಬ್ಬ.

"ಅಗ ಬಾಯಿ! ಎದುರಿನ ಗಾಡಿಯವ ಸಾಯಬೇಕೇನು?" ಅಂದಳು ಇನ್ನೊಬ್ಬಾಕೆ.

ಎಲ್ಲರಿಗಿಂತ ದೊಡ್ಡ ಶಾಣ್ಯಾ ಮುಂದಿನ ಸೀಟಿನ ಗುರುಪುತ್ರಪ್ಪ. ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ. ತಲೆ ಮೇಲೆ ಬಿಳಿ ಟೊಪ್ಪಿಗೆ, ಕಾರು ಗ್ಯಾರೇಜಿನಲ್ಲಿ. ಸಮೃದ್ಧಿಯ ಬಾಯಿಂದ ಗೋಡೆ, ಪೂಜೆ, ಬಿದಿರು ಎಲ್ಲ ಕತೆ ಕೇಳಿಸಿಕೊಳ್ಳುತ್ತಲೇ ಮಹೇಕಳಿಗೆ ಪಾಠ ಹೇಳುತ್ತಿದ್ದರು. "ಎಡಕ್ಕ ತಗೋ ತಂಗಿ. ಹಾಂ, ಮ್ಯಾಲೆತ್ತು. ಅಷ್ಟಲ್ಲ, ಇಳಸು..."

ಮಚ್ಛೆ ಊರಿನ ರಸ್ತೆ ಹಂಪ್ ಬಂತು. ಬಸ್ಸು ಜಿಗಿಯಿತು, ಭರ್ಚಿ ಮುಂದೆ ಜಾರಿತು. ಗುರುಪುತ್ರಪ್ಪನವರ ಟೊಪ್ಪಿಗೆಯನ್ನು ಎತ್ತಿಕೊಂಡು ಹೋಗಿ ಡ್ರೈವರನ ಮೂಗಿನ ಮುಂದೆ ತೂಗಿತು. ಡ್ರೈವರ ಗಾಬರಿಬಿದ್ದು ಬ್ರೇಕ್ ಒತ್ತಿದ.

"ಇಳೀರಿ ಕೆಳಗ!" ಯಲ್ಲೇಶ ಕೂಗಿದ. "ಮದ್ಲ ಇಳೀರಿ!"

ಮಹೇಕ ಭರ್ಚಿಯ ಹಿಡಿತ ಸಡಿಲಿಸಲಿಲ್ಲ. "ಯಾಕ ಇಳೀಬೇಕ್ರಿ? ಭರ್ಚಿಗೆ ಖಾನಾಪುರದ ತನಕ ಟಿಕೀಟ ನೀವ ಹರದೀರಿ. ಅದು ಹೋಗಾಕಬೇಕು. ಅದನ್ನ ಒಬ್ಬಂಟಿ ಕಳಸಾಕ ಆಗೂದಿಲ್ಲ, ನಾನೂ ಹೋಗಾಕಬೇಕು."

ಗುರುಪುತ್ರಪ್ಪ ಟೊಪ್ಪಿಗೆ ಝಾಡಿಸಿ ಹಾಕಿಕೊಂಡರು. "ಹುಡುಗಿ ಮಾತು ಬರೋಬರಿ ಐತಿ. ನಡಸ್ರಿ ಗಾಡಿ!"

ಮುಂದಿನ ದಾರಿಯುದ್ದಕ್ಕೂ ಭರ್ಚಿ ಜನರ ತೊಡೆಗಳ ಮೇಲೆ ಕೂಸಿನಂತೆ ಮಲಗಿತ್ತು. ಇಳಿಯುವವರು ಅದರ ಕೆಳಗೆ ನುಸುಳಿ, ಬೈದುಕೊಳ್ಳುತ್ತ ಇಳಿದರು.

ಮೈದಾನದ ಗೇಟಿನಲ್ಲಿ ಸಿದರಾಯ ಸರ್ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಉಳಿದ ಶಾಲೆಯವರೆಲ್ಲ "ಬ್ಯಾರೇದಾವರು ತರತಾರ" ಅಂತ ಬರಿಗೈಲಿ ಬಂದಿದ್ದರು. ಹೀಗಾಗಿ ಎಲ್ಲ ಹುಡುಗಿಯರೂ ಮಹೇಕಳ ಭರ್ಚಿಯನ್ನೇ ಒಗೆದರು. ಅವಳ ಸರದಿ ಬಂದಾಗ ಹಿಡಿಕೆಯಲ್ಲಿ ಇನ್ನೂ ಕುಂಕುಮದ ಕಲೆಯಿತ್ತು. ಅಯ್ಯ, ಬಿದಿರಿಗಿಂತ ಎಷ್ಟು ಹಗುರ! ಓಡಿ ಬಂದು ಒಗೆದಳು. ಅದು ಎಲ್ಲರ ಗುರುತು ದಾಟಿ ನೆಲಕ್ಕೆ ನಾಟಿತು. ಮೊದಲ ನಂಬರು! ಮಹೇಕ ಖುಷಿ ತಾಳಲಾರದೆ ಸಮೃದ್ಧಿಯನ್ನು ತಬ್ಬಿ ಅತ್ತಳು.

ಬಹುಮಾನದ ಹೊತ್ತಿಗೆ ವೇದಿಕೆಯ ನಡುವಿನ ಕುರ್ಚಿಯಲ್ಲಿ ಬಿಳಿ ಟೊಪ್ಪಿಗೆ ಕಂಡಿತು. ಮುಖ್ಯ ಅತಿಥಿ ಗುರುಪುತ್ರಪ್ಪನವರೇ!

"ಈ ಹುಡುಗಿ ಮುಂಜಾನೆ ಪಟ್ಟ ತ್ರಾಸ ನಾ ಕಣ್ಣಾರೆ ನೋಡೇನಿ," ಅಂತ ಮೈಕು ಹಿಡಿದರು. "ಇಕಿಗೆ ನನ್ನ ಕಡಿಂದ ಒಂದು ವಿಶೇಷ ಬಹುಮಾನ. ಆಗಲೇ ಬೆಳಗಾವಿಗೆ ಫೋನ್ ಹಚ್ಚಿ ನಮ್ಮ ಟೆಂಪೋದಾಗ ತರಸೇನಿ."

"ಸೈಕಲ್ಲ ಇರಬೇಕಲೇ!" ಸಮೃದ್ಧಿ ಚಿವುಟಿದಳು. "ಇನ್ನ ಆ ಯಲ್ಲೇಶನ ಮಾರಿ ನೋಡೂದು ತಪ್ಪಿತು."

ಕಾಗದ ಸುತ್ತಿದ ಬಹುಮಾನವನ್ನು ಇಬ್ಬರು ಹಿಡಿದು ತಂದರು. ಬಿಚ್ಚಿದರೆ, ಹೊಚ್ಚ ಹೊಸಾ ಭರ್ಚಿ.

"ಒಂದು ಪೂಜಾಕ್ಕ, ಒಂದು ಒಗಿಯಾಕ!" ಅಂದರು ಗುರುಪುತ್ರಪ್ಪ. ಚಪ್ಪಾಳೆಯೋ ಚಪ್ಪಾಳೆ.

ಸಂಜೆ ಅವರ ಕಾರು ರಿಪೇರಿಯಾಗಿ ಬಂತು. "ನಿಮ್ಮನ್ನ ಮನಿತನಕ ಬಿಟ್ಟು ಹೋಗತಿದ್ದೆ ತಂಗಿ," ಅಂದರು, "ಆದರ ಇಷ್ಟುದ್ದಂದು ಕಾರಿನ್ಯಾಗ ಹಿಡಸೂದಿಲ್ಲ ನೋಡು." ಟೆಂಪೋ ಬೆಲ್ಲ ಹೇರಿಕೊಂಡು ಗೋವಾ ದಾರಿ ಹಿಡಿದಿತ್ತು. ಕ್ರೂಸರ್ ಅಂತೂ ಮುಂಜಾನೆಯಷ್ಟೇ ಗಿಡ್ಡವಾಗಿತ್ತು.

ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸು ತುಂಬಿ ನಿಂತಿತ್ತು. ಬಾಗಿಲಲ್ಲಿ ಯಲ್ಲೇಶ. ಮಹೇಕಳ ಬಲಗೈ ನೋಡಿದ, ಎಡಗೈ ನೋಡಿದ, ಮತ್ತೆ ಬಲಗೈ ನೋಡಿದ.

"ಮುಂಜಾನೆ ಒಂದ ಇತ್ತಲ್ಲ?"

ಮಹೇಕ ಹಲ್ಲಲ್ಲಿ ಕಚ್ಚಿಕೊಂಡಿದ್ದ ಆಧಾರ ಕಾರ್ಡನ್ನು ಸಮೃದ್ಧಿಯ ಕೈಗೆ ಬಿಟ್ಟು, ಮೆಟ್ಟಿಲ ಮೇಲೆ ಕಾಲಿಟ್ಟಳು.

"ಗೆದ್ದೇನ್ರೀ," ಅಂದಳು.